ಕತ್ತಿ ಹಿಡಿದವನ ಲೆಕ್ಕ ಬರೆದ ಗ್ಯಾರಿ ಗೈಗ್ಯಾಕ್ಸ್

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವ ಯಾವ ಗುಂಪನ್ನೇ ತೆಗೆದುಕೊಳ್ಳಿ, ಒಂದು ಸೆಮಿಸ್ಟರ್ ಕಳೆಯುವುದರೊಳಗೆ ಅಲ್ಲೊಬ್ಬರಿಗೆ ಸ್ವಂತದ್ದೊಂದು ಕ್ಲಾಸ್ ಬರೆಯಬೇಕು ಅನ್ನೋ ಹುಚ್ಚು ಹತ್ತುತ್ತೆ. ಹೆಚ್ಚಾಗಿ ಅದು ಫೈಟರ್‌ನಿಂದಲೇ ಶುರುವಾಗುತ್ತೆ. ಕಾರಣ ಸರಳ. ಮಾಂತ್ರಿಕನ ಹತ್ತಿರ ಪುಟಗಟ್ಟಲೆ ಮಂತ್ರ ಇರುತ್ತೆ. ಫೈಟರ್ ಪಾಪ, ತನ್ನ ಸರದಿ ಬಂದಾಗ ಕತ್ತಿ ಬೀಸ್ತಾನೆ, ಮುಂದಿನ ಸರದಿಗೂ ಕತ್ತಿ ಬೀಸ್ತಾನೆ. ಇವನಿಗೆ ಏನಾದ್ರೂ ಸೇರಿಸೋಣ ಅಂತ ಕೈ ತುರಿಸುತ್ತೆ. ಸೇರಿಸಿ, ಬೇಡ ಅನ್ನೋರು ನಾವಲ್ಲ. ಆದರೆ ಆ ಫೈಟರ್‌ನನ್ನು ಮೊದಲು ಕಾಗದದ ಮೇಲೆ ಇಳಿಸಿದ ಮನುಷ್ಯ ಯಾರು, ಅವನನ್ನು ಅಷ್ಟು ಸರಳವಾಗಿ ಬಿಟ್ಟದ್ದು ಯಾಕೆ, ಮುಂದೆ ತಾವೇ ಹೊಸ ಯೋಧರನ್ನು ಬರೆಯಲು ಕೂತಾಗ ಏನಾಯಿತು ಅನ್ನೋದು ಗೊತ್ತಿದ್ದರೆ ಒಳ್ಳೆಯದು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕಂಪ್ಯೂಟರ್ ಗೇಮ್ ಅಲ್ಲ. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಆಗುತ್ತಾರೆ. ಪಾತ್ರ ಏನು ಮಾಡುತ್ತೆ ಅಂತ ಬಾಯಲ್ಲಿ ಹೇಳಬೇಕು, ಆಗುತ್ತೋ ಇಲ್ಲವೋ ಅನ್ನೋದನ್ನ ದಾಳ ಹೇಳುತ್ತೆ. ಪಾತ್ರದ ಕಸುಬಿಗೆ ಕ್ಲಾಸ್ ಅಂತ ಹೆಸರು. ಯೋಧ, ಮಾಂತ್ರಿಕ, ಪುರೋಹಿತ, ಕಳ್ಳ ಹೀಗೆ. ಯಾವ ಕ್ಲಾಸಿಗೆ ಎಷ್ಟು ಬಲ, ಎಷ್ಟು ಪೆಟ್ಟು ತಡೆಯುವ ಶಕ್ತಿ, ಯಾವ ಆಯುಧ ಅನ್ನೋದೆಲ್ಲ ಕೋಷ್ಟಕದಲ್ಲಿ ಇರುತ್ತೆ. ಇವತ್ತು ಮೊಬೈಲಿನಲ್ಲಿ ಆಡುವ ಅರ್ಧಕ್ಕರ್ಧ ಗೇಮುಗಳ ಲೆವೆಲ್, ಎಕ್ಸ್‌ಪಿ, ಹಿಟ್ ಪಾಯಿಂಟ್‌ಗಳಿಗೆಲ್ಲ ಮೂಲ ಈ ಕೋಷ್ಟಕಗಳೇ.

ಅವನ್ನು ಬರೆದು ಅಚ್ಚಿಗೆ ಕೊಟ್ಟವರು ಅರ್ನೆಸ್ಟ್ ಗ್ಯಾರಿ ಗೈಗ್ಯಾಕ್ಸ್. ಹುಟ್ಟಿದ್ದು 1938ರ ಜುಲೈ 27, ಷಿಕಾಗೊದಲ್ಲಿ. ತಂದೆ ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದವರು, ಪಿಟೀಲು ನುಡಿಸುತ್ತಿದ್ದರು. 1946ರಲ್ಲಿ ಕುಟುಂಬ ತಾಯಿಯ ಊರಾದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾಗೆ ಬಂತು. ಸರೋವರದ ಪಕ್ಕದ ಸಣ್ಣ ಊರು ಅದು. ತಂದೆ ಹೇಳುತ್ತಿದ್ದ ಮಾಂತ್ರಿಕರ, ದೈತ್ಯರ ಕಥೆಗಳು, ಕೈಗೆ ಸಿಕ್ಕ ಅಗ್ಗದ ಪತ್ರಿಕೆಗಳಲ್ಲಿ ರಾಬರ್ಟ್ ಇ. ಹೋವರ್ಡ್ ಬರೆದ ಕೋನನ್ ಎಂಬ ಬರ್ಬರ ವೀರನ ಸಾಹಸಗಳು, ಊರಲ್ಲಿ ಪಾಳುಬಿದ್ದಿದ್ದ ಸ್ಯಾನಟೋರಿಯಂ ಒಂದರ ಕೆಳಗಿನ ಸುರಂಗಗಳು. ಹುಡುಗನ ತಲೆಗೆ ಇಷ್ಟು ಸಾಕಾಯ್ತು. ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ, ಹೈಸ್ಕೂಲನ್ನು ನಡುವೆಯೇ ಬಿಟ್ಟರು. ಮರೀನ್ಸ್ ಪಡೆಗೆ ಸೇರಿ, ನ್ಯುಮೋನಿಯಾ ಆಗಿ ವಾಪಸ್ ಬಂದರು. 1958ರಲ್ಲಿ ಮದುವೆ, ಒಂದರ ಹಿಂದೆ ಒಂದು ಐದು ಮಕ್ಕಳು, ಹೊಟ್ಟೆಪಾಡಿಗೆ ಷಿಕಾಗೊದ ವಿಮೆ ಕಂಪನಿಯಲ್ಲಿ ಅಂಡರ್‌ರೈಟರ್ ಕೆಲಸ.

ಈ ವಿಮೆ ಕೆಲಸವನ್ನು ಸ್ವಲ್ಪ ಗಮನಿಸಬೇಕು. ಅಂಡರ್‌ರೈಟರ್ ಅಂದರೆ ಮುಂದಿರುವ ಮನುಷ್ಯನಿಗೋ ಕಟ್ಟಡಕ್ಕೋ ಅಪಾಯ ಎಷ್ಟು ಅಂತ ಕೋಷ್ಟಕ ನೋಡಿ ಅಳೆದು, ಅದಕ್ಕೆ ತಕ್ಕ ಕಂತು ನಿಗದಿ ಮಾಡುವವನು. ಹಗಲು ಹೊತ್ತು ನಿಜವಾದ ಅಪಾಯಕ್ಕೆ ಅಂಕಿ ಹಾಕುತ್ತಿದ್ದವರು ರಾತ್ರಿ ಹೊತ್ತು ಕಲ್ಪನೆಯ ಅಪಾಯಕ್ಕೆ ಅಂಕಿ ಹಾಕಲು ಕೂತರು ಅನ್ನಬಹುದು. 1958ರ ಸುಮಾರಿಗೆ ಅವಲಾನ್ ಹಿಲ್ ಕಂಪನಿಯ ಗೆಟಿಸ್‌ಬರ್ಗ್ ಎಂಬ ಯುದ್ಧದ ಬೋರ್ಡ್ ಗೇಮ್ ಅವರ ಕೈಗೆ ಸಿಕ್ಕಿತ್ತು. ಅಲ್ಲಿಂದ ಯುದ್ಧದಾಟದ ಗೀಳು. ದೇಶದ ಮೂಲೆಮೂಲೆಯ ಆಟಗಾರರಿಗೆ ಕಾಗದ ಬರೆಯೋದು, ಅಂಚೆಯಲ್ಲೇ ಆಟ ಆಡೋದು, ಸಣ್ಣಪುಟ್ಟ ಪತ್ರಿಕೆಗಳಿಗೆ ನಿಯಮಗಳ ಬಗ್ಗೆ ಲೇಖನ ಕಳಿಸೋದು. 1968ರ ಆಗಸ್ಟಿನಲ್ಲಿ ಲೇಕ್ ಜಿನೀವಾದ ಹಾರ್ಟಿಕಲ್ಚರಲ್ ಹಾಲನ್ನು 50 ಡಾಲರಿಗೆ ಬಾಡಿಗೆ ಹಿಡಿದು ಆಟಗಾರರ ಮೇಳ ಮಾಡಿದರು. ನೂರರ ಆಸುಪಾಸು ಜನ ಸೇರಿದರು. ಜೆನ್ ಕಾನ್ ಎಂಬ ಆ ಮೇಳ ಇವತ್ತಿಗೂ ನಡೆಯುತ್ತಿದೆ, ಈಗ ಇಂಡಿಯಾನಾಪೊಲಿಸ್‌ನಲ್ಲಿ.

ದಾಳದ ಕಥೆಯನ್ನೂ ಇಲ್ಲೇ ಹೇಳಿಬಿಡೋಣ. ಆರು ಮುಖದ ಎರಡು ದಾಳ ಎಸೆದು ಕೂಡಿಸಿದರೆ 7 ಬರುವ ಸಾಧ್ಯತೆ 36ರಲ್ಲಿ 6, 2 ಬರುವುದು 36ರಲ್ಲಿ ಒಂದೇ ಒಂದು. ಅಂದರೆ ಫಲಿತಾಂಶ ಮಧ್ಯದಲ್ಲೇ ಗುಡ್ಡೆ ಬೀಳುತ್ತೆ. ಎಲ್ಲ ಅಂಕಿಗೂ ಸಮನಾದ ಸಾಧ್ಯತೆ ಬೇಕಿದ್ದ ಗೈಗ್ಯಾಕ್ಸ್ ಒಂದರಿಂದ ಇಪ್ಪತ್ತರವರೆಗೆ ಬರೆದ ಬಿಲ್ಲೆಗಳನ್ನು ಡಬ್ಬಿಗೆ ಹಾಕಿ ಒಂದೊಂದೇ ಎತ್ತಿಸುತ್ತಿದ್ದರು. ಆಮೇಲೆ ಶಾಲೆಗಳಿಗೆ ಸಾಮಾನು ಮಾರುವ ಕ್ಯಾಟಲಾಗ್ ಒಂದರಲ್ಲಿ 4, 6, 8, 12, 20 ಮುಖಗಳ ಘನಾಕೃತಿಗಳು ಕಣ್ಣಿಗೆ ಬಿದ್ದವು. ಪ್ಲೇಟೊ ಹೆಸರಿನ ಆ ಐದು ಆಕೃತಿಗಳು ನಮಗೆ ಜಾಮೆಟ್ರಿ ಪಾಠ, ಅವರಿಗೆ ಸಂಭವನೀಯತೆಯ ಯಂತ್ರಗಳು. ಇಪ್ಪತ್ತು ಮುಖದ್ದರಲ್ಲಿ ಪ್ರತಿ ಮುಖಕ್ಕೂ ಶೇಕಡಾ 5. ಕೋಷ್ಟಕ ಬರೆಯುವವನಿಗೆ ಇದಕ್ಕಿಂತ ಸಲೀಸು ಏನಿದೆ.

1970ರಲ್ಲಿ ವಿಮೆ ಕೆಲಸ ಹೋಯಿತು. ಐದು ಮಕ್ಕಳ ತಂದೆ, ಡಿಗ್ರಿ ಇಲ್ಲ. ಮನೆಯಲ್ಲೇ ಚಪ್ಪಲಿ, ಬೂಟು ರಿಪೇರಿ ಮಾಡುತ್ತಾ, ಗೈಡಾನ್ ಗೇಮ್ಸ್ ಎಂಬ ಸಣ್ಣ ಪ್ರಕಾಶನಕ್ಕೆ ಯುದ್ಧದಾಟದ ಪುಸ್ತಕ ತಿದ್ದಿಕೊಡುತ್ತಾ ಸಂಸಾರ ನಡೆಸಿದರು. ಆ ಕಷ್ಟದ ದಿನಗಳಲ್ಲೇ, 1971ರಲ್ಲಿ, ಚೈನ್‌ಮೇಲ್ ಬಂತು. ಗೆಳೆಯ ಜೆಫ್ ಪೆರೆನ್ ಬರೆದಿದ್ದ ಮಧ್ಯಯುಗದ ಯುದ್ಧದ ಪುಟ್ಟ ನಿಯಮಾವಳಿಯನ್ನು ಗೈಗ್ಯಾಕ್ಸ್ ಹಿಗ್ಗಿಸಿ ಬರೆದ ಪುಸ್ತಕ ಅದು. ಸೀಸದ ಗೊಂಬೆ ಸೈನಿಕರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಆಡೋದು. ಪುಸ್ತಕದ ಕೊನೆಗೆ ಡ್ರ್ಯಾಗನ್, ಮಾಂತ್ರಿಕರಿಗೆಂದು ಅವರು ಒಂದು ಅನುಬಂಧ ಸೇರಿಸಿದರು. ಫೈಟರ್ ಹುಟ್ಟಿದ್ದು ಆ ಅನುಬಂಧದಲ್ಲಿ.

ಅಲ್ಲಿ ಅವನ ಹೆಸರು ಹೀರೊ. ಲೆಕ್ಕ ಏನಂದ್ರೆ, ಒಬ್ಬ ಹೀರೊ ನಾಲ್ಕು ಸಾಮಾನ್ಯ ಸೈನಿಕರಿಗೆ ಸಮ. ನಾಲ್ಕು ಜನರಷ್ಟು ಹೊಡೀತಾನೆ. ಅವನನ್ನು ಕೆಡವಬೇಕಾದರೆ ಒಂದೇ ಸುತ್ತಿನಲ್ಲಿ ನಾಲ್ಕು ಮಾರಕ ಪೆಟ್ಟು ಬೀಳಬೇಕು, ಮೂರು ಬಿದ್ದರೆ ಏನೂ ಆಗಲ್ಲ. ಅವನ ಮೇಲೆ ಸೂಪರ್‌ಹೀರೊ, ಎಂಟು ಜನಕ್ಕೆ ಸಮ. ಮಂತ್ರ ಇಲ್ಲ, ಚಮತ್ಕಾರ ಇಲ್ಲ, ಬರೀ ಗುಣಾಕಾರ. ನಾವು ಇದನ್ನು ಒತ್ತಿ ಹೇಳೋದು ಯಾಕೆಂದರೆ ಫೈಟರ್ ಆ ಗುಣಾಕಾರದಿಂದ ಇವತ್ತಿಗೂ ಪೂರ್ತಿ ಹೊರಗೆ ಬಂದಿಲ್ಲ.

ಚೈನ್‌ಮೇಲ್ ಪುಸ್ತಕ ಮಿನೆಸೋಟದ ಡೇವ್ ಆರ್ನೆಸನ್ ಕೈಗೆ ಹೋಯಿತು. ಗೈಗ್ಯಾಕ್ಸ್‌ಗಿಂತ ಒಂಬತ್ತು ವರ್ಷ ಚಿಕ್ಕವರು, ಇತಿಹಾಸದ ವಿದ್ಯಾರ್ಥಿ. 1969ರ ಜೆನ್ ಕಾನ್‌ನಲ್ಲಿ ಇಬ್ಬರಿಗೂ ಪರಿಚಯ ಆಗಿತ್ತು. ಅದೇ ಊರಿನ ಡೇವಿಡ್ ವೆಸ್ಲಿ ಬ್ರೌನ್‌ಸ್ಟೈನ್ ಎಂಬ ಆಟ ನಡೆಸಿದ್ದರು. ಅದರಲ್ಲಿ ಪ್ರತಿ ಆಟಗಾರನೂ ಸೈನ್ಯ ನಡೆಸುವ ಬದಲು ಒಬ್ಬನೇ ಒಬ್ಬ ಮನುಷ್ಯ ಆಗುತ್ತಿದ್ದ. ಆರ್ನೆಸನ್ ಆ ಕಲ್ಪನೆಯನ್ನು ಬ್ಲ್ಯಾಕ್‌ಮೂರ್ ಎಂಬ ಮಾಯಾಲೋಕಕ್ಕೆ ಒಯ್ದರು, ಕೋಟೆಯ ಕೆಳಗಿನ ನೆಲಮಾಳಿಗೆಗೆ ಇಳಿಸಿದರು. ಅಲ್ಲಿ ಒಂದು ತೊಡಕು ಎದುರಾಯಿತು. ಸೈನ್ಯದಾಟದಲ್ಲಿ ಗೊಂಬೆ ಸತ್ತರೆ ಇನ್ನೊಂದು ಗೊಂಬೆ. ಇಲ್ಲಿ ಇದ್ದದ್ದು ಒಂದೇ ಪಾತ್ರ, ವಾರಗಟ್ಟಲೆ ಆಡಿಸಿ ಬೆಳೆಸಿದ್ದು. ಒಂದೇ ಪೆಟ್ಟಿಗೆ ಅದು ಸತ್ತರೆ ಯಾರಿಗೆ ತಾನೆ ಸಹಿಸೋಕಾಗುತ್ತೆ? ಉಕ್ಕಿನ ಹಡಗುಗಳ ಸಮರಕ್ಕೆ ತಾವೇ ಬರೆದಿದ್ದ ನಿಯಮಗಳಿಂದ ಆರ್ನೆಸನ್ ಒಂದು ಉಪಾಯ ತಂದರು. ಹಡಗು ಒಂದೇ ಗುಂಡಿಗೆ ಮುಳುಗಲ್ಲ, ಗುಂಡು ಬಿದ್ದಂತೆಲ್ಲ ಅದರ ಅಂಕ ಇಳೀತಾ ಹೋಗುತ್ತೆ. ಅದೇ ಹಿಟ್ ಪಾಯಿಂಟ್. ನಮ್ಮ ಫೈಟರ್ ಮೈಯೊಳಗೆ ಒಂದು ಯುದ್ಧನೌಕೆ ಅಡಗಿದೆ ಅಂದ್ರೂ ತಪ್ಪಿಲ್ಲ.

1972ರ ಕೊನೆಗೆ ಆರ್ನೆಸನ್ ಲೇಕ್ ಜಿನೀವಾಗೆ ಬಂದು ಆ ಆಟ ಆಡಿಸಿ ತೋರಿಸಿದರು. ಗೈಗ್ಯಾಕ್ಸ್‌ಗೆ ನಿದ್ದೆ ಹಾರಿಹೋಯಿತು. ಆರ್ನೆಸನ್ ಹತ್ತಿರ ಇದ್ದದ್ದು ಟಿಪ್ಪಣಿಗಳು ಮತ್ತು ಬಾಯಿಮಾತು. ಗೈಗ್ಯಾಕ್ಸ್ ಟೈಪ್‌ರೈಟರ್ ಮುಂದೆ ಕೂತು ಮೊದಲು 50 ಪುಟ, ಆಮೇಲೆ ಹಿಗ್ಗಿಸಿ 150 ಪುಟ ಬರೆದರು. ಬರೆದದ್ದನ್ನು ಮೊದಲು ಆಡಿದವರು ಮಗ ಅರ್ನಿ, ಮಗಳು ಎಲಿಸ್. ಕಲ್ಪನೆ ಯಾರದು, ಪುಸ್ತಕ ಯಾರದು ಅನ್ನುವ ಜಗಳಕ್ಕೆ ಬೀಜ ಬಿದ್ದದ್ದೂ ಇಲ್ಲೇ. ಆರ್ನೆಸನ್ ಇಲ್ಲದಿದ್ದರೆ ಈ ಆಟ ಇಲ್ಲ, ಗೈಗ್ಯಾಕ್ಸ್ ಇಲ್ಲದಿದ್ದರೆ ಅದು ಮಿನೆಸೋಟದ ಒಂದು ನೆಲಮಾಳಿಗೆ ದಾಟಿ ಹೊರಗೆ ಬರುತ್ತಿರಲಿಲ್ಲ. ಪ್ರಾಜೆಕ್ಟ್ ಗ್ರೂಪಿನಲ್ಲಿ ಐಡಿಯಾ ಕೊಟ್ಟವನಿಗೂ ರಿಪೋರ್ಟ್ ಬರೆದವನಿಗೂ ನಡೆಯುವ ಜಗಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಕಾಶಕರು ಯಾರೂ ಮುಂದೆ ಬರಲಿಲ್ಲ. 1973ರ ಅಕ್ಟೋಬರಿನಲ್ಲಿ ಬಾಲ್ಯದ ಗೆಳೆಯ ಡಾನ್ ಕೇ ಜೊತೆ ಸೇರಿ ಟಿಎಸ್‌ಆರ್ ಎಂಬ ಕಂಪನಿ ಕಟ್ಟಿದರು. ಡಾನ್ ತಮ್ಮ ಪಾಲಿನ ಹಣವನ್ನು ವಿಮೆ ಪಾಲಿಸಿಯ ಮೇಲೆ ಸಾಲ ಎತ್ತಿ ತಂದರು. ಅದೂ ಸಾಲದೆ ಬ್ರಯಾನ್ ಬ್ಲೂಮ್ ಎಂಬ ಇನ್ನೊಬ್ಬ ಆಟಗಾರ 2,000 ಡಾಲರ್ ಹಾಕಿ ಪಾಲುದಾರರಾದರು. 1974ರ ಜನವರಿಯಲ್ಲಿ ಆಟ ಹೊರಬಂತು. ಒಂದು ಪೆಟ್ಟಿಗೆ, ಅದರಲ್ಲಿ ಮೂರು ಸಣ್ಣ ಪುಸ್ತಕ, ಬೆಲೆ 10 ಡಾಲರ್, ಒಟ್ಟು 1,000 ಪ್ರತಿ. ಪೆಟ್ಟಿಗೆಗಳನ್ನು ಮನೆಯಲ್ಲೇ ಕೈಯಿಂದ ಜೋಡಿಸಿದರು. ವರ್ಷದೊಳಗೆ ಎಲ್ಲ ಖಾಲಿ. ಆ ಸಂತೋಷ ಪೂರ್ತಿ ಅನುಭವಿಸುವ ಮೊದಲೇ, 1975ರ ಜನವರಿ 31ರಂದು, ಡಾನ್ ಕೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 36. ಅವರ ಪಾಲಿನ ಷೇರು ಕೊಳ್ಳುವಷ್ಟು ದುಡ್ಡು ಗೈಗ್ಯಾಕ್ಸ್ ಹತ್ತಿರ ಇರಲಿಲ್ಲ. ಬ್ಲೂಮ್ ಕುಟುಂಬದ ಕೈಯಲ್ಲಿ ಇತ್ತು. ಕಂಪನಿಯಲ್ಲಿ ಬಹುಮತ ಅಲ್ಲಿಗೇ ಅವರ ಕೈತಪ್ಪಿತು. ಇದರ ಪೆಟ್ಟು ಹತ್ತು ವರ್ಷ ಬಿಟ್ಟು ಬಿತ್ತು.

ಈಗ ಆ ಪೆಟ್ಟಿಗೆಯೊಳಗಿನ ಫೈಟರ್ ಹತ್ತಿರ ಬರೋಣ. ಸ್ವಂತ ಕ್ಲಾಸ್ ಬರೆಯುವವರಿಗೆ ಇಲ್ಲಿ ಕಲಿಯುವುದು ತುಂಬಾ ಇದೆ.

1974ರಲ್ಲಿ ಇದ್ದದ್ದು ಮೂರೇ ಕ್ಲಾಸ್. ಫೈಟಿಂಗ್ ಮ್ಯಾನ್, ಮ್ಯಾಜಿಕ್ ಯೂಸರ್, ಕ್ಲೆರಿಕ್. ಫೈಟಿಂಗ್ ಮ್ಯಾನ್‌ನ ಪ್ರತಿ ಲೆವೆಲ್‌ಗೂ ಒಂದು ಬಿರುದು ಇತ್ತು. ಮೊದಲನೆಯದು ವೆಟರನ್, ನಾಲ್ಕನೆಯದು ಹೀರೊ, ಎಂಟನೆಯದು ಸೂಪರ್‌ಹೀರೊ, ಒಂಬತ್ತನೆಯದು ಲಾರ್ಡ್. ನಾಲ್ಕು ಮತ್ತು ಎಂಟು ಎಲ್ಲಿಂದ ಬಂದವು ಅಂತ ಈಗ ಗೊತ್ತಾಗಿರಬೇಕು. ನಾಲ್ಕನೇ ಲೆವೆಲ್‌ನ ಹೀರೊಗೆ ಹಿಟ್ ಪಾಯಿಂಟ್ ತೀರ್ಮಾನಿಸಲು ಆರು ಮುಖದ ನಾಲ್ಕು ದಾಳ. ಆಗ ಯಾವ ಆಯುಧದ ಪೆಟ್ಟಿಗೂ ಆರು ಮುಖದ ಒಂದೇ ದಾಳ. ಅಂದರೆ ಒಂದು ದಾಳದ ಜೀವ, ಒಂದು ದಾಳದ ಪೆಟ್ಟು. ಸರಾಸರಿ ಎರಡೂ 3.5. ಹೀರೊ ಸರಾಸರಿ ನಾಲ್ಕು ಪೆಟ್ಟು ತಡೀತಾನೆ. ಚೈನ್‌ಮೇಲ್‌ನಲ್ಲಿ ಒಂದೇ ಸುತ್ತಿನಲ್ಲಿ ಬೀಳಬೇಕಿದ್ದ ನಾಲ್ಕು ಪೆಟ್ಟುಗಳನ್ನು ಇಲ್ಲಿ ಇಡೀ ಹೋರಾಟದ ಉದ್ದಕ್ಕೆ ಹಂಚಿದ್ದಾರೆ ಅಷ್ಟೇ. ಹಳೇ ಗುಣಾಕಾರ ಹಾಗೇ ಉಳಿಯಿತು, ಕಾಲ ಮಾತ್ರ ಹಿಗ್ಗಿತು. ನಮಗೆ ಇದು ಇಡೀ ಆಟದ ಅತಿ ಜಾಣ ಹೆಜ್ಜೆ ಅನ್ನಿಸುತ್ತೆ.

ಹೊಡೆಯುವ ಲೆಕ್ಕ ಇನ್ನೂ ಚೆಂದ. ಲೋಹದ ಕವಚ ತೊಟ್ಟು ಗುರಾಣಿ ಹಿಡಿದ ಎದುರಾಳಿಗೆ ತಾಗಿಸಲು ಮೊದಲ ಮೂರು ಲೆವೆಲ್‌ಗಳಲ್ಲಿ ಇಪ್ಪತ್ತು ಮುಖದ ದಾಳದಲ್ಲಿ 17 ಅಥವಾ ಹೆಚ್ಚು ಬೀಳಬೇಕು. ಶೇಕಡಾ 20. ನಾಲ್ಕರಿಂದ ಆರನೇ ಲೆವೆಲ್‌ಗೆ 15 ಸಾಕು, ಶೇಕಡಾ 30. ಏಳರಿಂದ ಒಂಬತ್ತಕ್ಕೆ 12, ಶೇಕಡಾ 45. ಫೈಟರ್ ಮೂರು ಲೆವೆಲ್‌ಗೊಮ್ಮೆ ಮೆಟ್ಟಿಲು ಹತ್ತುತ್ತಾನೆ, ಕ್ಲೆರಿಕ್ ನಾಲ್ಕಕ್ಕೊಮ್ಮೆ, ಮಾಂತ್ರಿಕ ಐದಕ್ಕೊಮ್ಮೆ. ಒಂದೇ ಕೋಷ್ಟಕ, ಮೂರು ವೇಗ. ಎರಡನೇ ಲೆವೆಲ್‌ಗೆ ಫೈಟರ್‌ಗೆ ಬೇಕಾದ ಎಕ್ಸ್‌ಪಿ 2,000, ಆಮೇಲೆ 4,000, 8,000, 16,000 ಹೀಗೆ ದುಪ್ಪಟ್ಟಾಗುತ್ತಾ 64,000 ತನಕ. ಅದರ ಮುಂದೆ 1,28,000 ಬರಬೇಕಿತ್ತು, ಗೈಗ್ಯಾಕ್ಸ್ 1,20,000 ಅಂತ ಬರೆದರು. ಕೋಷ್ಟಕ ಬರೆಯುವವರಿಗೂ ದುಂಡಗಿನ ಅಂಕಿ ಇಷ್ಟ ಅಂತ ಕಾಣುತ್ತೆ.

ಫೈಟರ್‌ಗೆ ಇನ್ನೂ ಎರಡು ಸೌಲಭ್ಯ ಇದ್ದವು, ಕೋಷ್ಟಕದಲ್ಲಿ ಕಾಣದಂಥವು. ಮಾಯಾ ಕತ್ತಿಗಳನ್ನು ಹಿಡಿಯುವ ಹಕ್ಕು ಅವನೊಬ್ಬನದೇ. ಮಾಂತ್ರಿಕನಿಗೆ ಬರೀ ಬಾಕು, ಕ್ಲೆರಿಕ್‌ಗೆ ಅಲಗಿಲ್ಲದ ಆಯುಧ. ನೆಲಮಾಳಿಗೆಯಲ್ಲಿ ಸಿಗುವ ಮಾಯಾ ಆಯುಧಗಳಲ್ಲಿ ಕತ್ತಿಗಳೇ ಹೆಚ್ಚು, ಕೆಲವಕ್ಕೆ ಮಾತು ಬರುತ್ತೆ, ಕೆಲವಕ್ಕೆ ಬುದ್ಧಿಯೂ ಇರುತ್ತೆ. ಎರಡನೆಯದು, ಲಾರ್ಡ್ ಆದ ಮೇಲೆ ಕೋಟೆ ಕಟ್ಟಿ, ಸುತ್ತಲ ಸೀಮೆಯಿಂದ ಕಂದಾಯ ಎತ್ತುವ ಪಾಳೇಗಾರ ಆಗಬಹುದು. ಹಾಗಾಗಿ ಆ ಕಾಲದ ಫೈಟರ್‌ನನ್ನು ಬರೀ ಪುಟದಲ್ಲಿ ನೋಡಿ ಬಡವ ಅನ್ನಬಾರದು. ಅವನ ಆಸ್ತಿ ಕಥೆಯೊಳಗೆ ಇತ್ತು. ಮುಂದಿನ ಆವೃತ್ತಿಗಳು ಆ ಆಸ್ತಿಯನ್ನು ಮೆಲ್ಲಗೆ ಕಿತ್ತುಕೊಂಡು ಪುಟ ಮಾತ್ರ ಬಿಟ್ಟವು. ಇವತ್ತು ಫೈಟರ್ ಸಪ್ಪೆ ಅನ್ನಿಸೋದಕ್ಕೆ ಅರ್ಧ ಕಾರಣ ಅದು ಅನ್ನೋದು ನಮ್ಮ ಅಭಿಪ್ರಾಯ.

ಅವನು ಸರಳವಾಗಿ ಇರಬೇಕಾದ ಕಾರಣವೂ ಇಲ್ಲೇ ಇದೆ. ಅಳೆಯಲು ಒಂದು ಮಾನದಂಡ ಬೇಕು. ರಾಕ್ಷಸ ಎಷ್ಟು ಭಯಂಕರ, ಮಂತ್ರ ಎಷ್ಟು ಬಲವಾದದ್ದು ಅನ್ನೋದನ್ನೆಲ್ಲ ಫೈಟರ್ ಪಕ್ಕದಲ್ಲಿ ಇಟ್ಟು ನೋಡಬೇಕು. ಅಳತೆಗೋಲಿಗೇ ಹತ್ತು ವಿನಾಯಿತಿ ಅಂಟಿಸಿದರೆ ಉಳಿದದ್ದನ್ನು ಅಳೆಯೋದು ಯಾವುದರಿಂದ?

ಆ ಮೊದಲ ಪುಸ್ತಕಗಳ ಕೊನೆಗೆ ಗೈಗ್ಯಾಕ್ಸ್ ಓದುಗರಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟಿದ್ದರು. ಉಳಿದದ್ದನ್ನು ನೀವೇ ಕಲ್ಪಿಸಿಕೊಳ್ಳಿ, ನಾವು ಯಾಕೆ ನಿಮ್ಮ ಪರವಾಗಿ ಕಲ್ಪಿಸಬೇಕು ಎಂಬ ಧಾಟಿ. ಜನ ಕಲ್ಪಿಸಿಕೊಂಡರು. ಕ್ಯಾಲಿಫೋರ್ನಿಯಾದ ಆಟಗಾರರಿಂದ ಬಂದ ಕಳ್ಳನ ಕ್ಲಾಸ್ ಗೈಗ್ಯಾಕ್ಸ್ ಕಿವಿಗೆ ಬಿದ್ದದ್ದು ಫೋನಿನಲ್ಲಿ. ಅದನ್ನು ತಮ್ಮ ರೀತಿಯಲ್ಲಿ ಬರೆದು 1975ರ ಗ್ರೇಹಾಕ್ ಪುಸ್ತಕದಲ್ಲಿ ಸೇರಿಸಿದರು. ಅದೇ ಪುಸ್ತಕದಲ್ಲಿ ಪ್ಯಾಲಡಿನ್ ಬಂದ. ಫೈಟರ್‌ನ ಎಲ್ಲ ಬಲ, ಜೊತೆಗೆ ಕೈ ಇಟ್ಟು ಗಾಯ ಮಾಯಿಸುವ ಶಕ್ತಿ. ಬದಲಿಗೆ ಧರ್ಮ ತಪ್ಪಿ ಒಂದೇ ಒಂದು ಕೆಲಸ ಮಾಡಿದರೂ ಆ ಶಕ್ತಿ ಶಾಶ್ವತವಾಗಿ ಹೋಯ್ತು. ಅದೇ ವರ್ಷ ಟಿಎಸ್‌ಆರ್‌ನ ಪತ್ರಿಕೆಯಲ್ಲಿ ಜೋ ಫಿಷರ್ ಎಂಬ ಓದುಗ ರೇಂಜರ್ ಕ್ಲಾಸ್ ಬರೆದರು. ದೈತ್ಯರ ಮೇಲೆ ಹೆಚ್ಚುವರಿ ಪೆಟ್ಟು, ಮೊದಲ ಲೆವೆಲ್‌ನಲ್ಲೇ ಎರಡು ದಾಳದ ಜೀವ. ಬದಲಿಗೆ, ಹೊತ್ತು ನಡೆಯಬಲ್ಲಷ್ಟು ಮಾತ್ರ ಆಸ್ತಿ, ಇಬ್ಬರಿಗಿಂತ ಹೆಚ್ಚು ರೇಂಜರ್‌ಗಳು ಜೊತೆಯಾಗಿ ತಿರುಗುವಂತಿಲ್ಲ. ಮನೆಯಲ್ಲಿ ಕೂತು ಒಬ್ಬ ಆಟಗಾರ ಬರೆದ ಫೈಟರ್ ತಳಿ ಮುಂದೆ ಅಧಿಕೃತ ಪುಸ್ತಕಕ್ಕೇ ಸೇರಿತು. ಬಲ ಕೊಟ್ಟರೆ ಬೆಲೆ ಕಟ್ಟಿಸು ಅನ್ನೋ ಪದ್ಧತಿ ಇಲ್ಲೇ ಗಟ್ಟಿಯಾಯಿತು.

ಆಮೇಲೆ ಮನುಷ್ಯ ಬದಲಾದರು. 1977ರಿಂದ 1979ರ ನಡುವೆ ಅಡ್ವಾನ್ಸ್ಡ್ ಡಿ ಅಂಡ್ ಡಿ ಹೆಸರಿನಲ್ಲಿ ಮೂರು ದಪ್ಪ ಪುಸ್ತಕ ಬರೆದರು. ಫೈಟರ್‌ಗೆ ಈಗ ಹತ್ತು ಮುಖದ ದಾಳ, ಏಳನೇ ಲೆವೆಲ್‌ನಿಂದ ಎರಡು ಸುತ್ತಿಗೆ ಮೂರು ಹೊಡೆತ. ಎಲ್ಲಿ ಹೋದರೂ ಒಂದೇ ಆಟ ಆಡುವಂತಿರಬೇಕು, ಪಂದ್ಯಗಳಲ್ಲಿ ಎಲ್ಲರಿಗೂ ಒಂದೇ ನಿಯಮ ಇರಬೇಕು ಅನ್ನೋದು ಅವರ ವಾದ. ವಾದದಲ್ಲಿ ಅರ್ಥ ಇದೆ. ಆದರೆ ಪುಸ್ತಕ ಬಿಟ್ಟು ತಮ್ಮದೇ ನಿಯಮ ಸೇರಿಸಿ ಆಡುವವರು ಆಡುತ್ತಿರುವುದು ಈ ಆಟವೇ ಅಲ್ಲ ಅಂತ ಪತ್ರಿಕೆಯ ಅಂಕಣಗಳಲ್ಲಿ ಪಟ್ಟು ಹಿಡಿದು ಬರೆಯತೊಡಗಿದಾಗ ಹಳೇ ಆಟಗಾರರು ಹುಬ್ಬೇರಿಸಿದರು. ಕಲ್ಪಿಸಿಕೊಳ್ಳಿ ಅಂದವರೇ ಇವರು ತಾನೆ? ಇದರ ಹಿಂದೆ ದುಡ್ಡಿನ ಮಾತೂ ಇತ್ತು. ಅಡ್ವಾನ್ಸ್ಡ್ ಬೇರೆಯದೇ ಆಟ, ಅದಕ್ಕೆ ಆರ್ನೆಸನ್‌ಗೆ ರಾಯಧನ ಇಲ್ಲ ಅನ್ನೋದು ಕಂಪನಿಯ ನಿಲುವು. 1976ರಲ್ಲೇ ಟಿಎಸ್‌ಆರ್ ಬಿಟ್ಟಿದ್ದ ಆರ್ನೆಸನ್ 1979ರಲ್ಲಿ ಕೋರ್ಟಿಗೆ ಹೋದರು, 1981ರಲ್ಲಿ ರಾಜಿ ಆಯಿತು. ಈ ಅಧ್ಯಾಯದಲ್ಲಿ ಗೈಗ್ಯಾಕ್ಸ್ ಪರ ನಿಲ್ಲಲು ನಮಗೆ ಮನಸ್ಸು ಬರೋದಿಲ್ಲ.

ಆಟ ಮಕ್ಕಳನ್ನು ದೆವ್ವಪೂಜೆಗೆ ಎಳೆಯುತ್ತೆ ಎಂಬ ಗದ್ದಲವೂ ಅದೇ ಹೊತ್ತಿಗೆ ಎದ್ದಿತು. ಗದ್ದಲ ಹೆಚ್ಚಿದಷ್ಟೂ ಪುಸ್ತಕ ಹೆಚ್ಚು ಮಾರಿತು ಅಂದರೆ ಸಾಕು. 1983ರಲ್ಲಿ ಗೈಗ್ಯಾಕ್ಸ್ ಆಟದ ಕಾರ್ಟೂನ್ ಕೆಲಸಕ್ಕೆ ಹಾಲಿವುಡ್ ಸೇರಿದರು. ಕಾರ್ಟೂನ್ ಸಿಬಿಎಸ್ ಚಾನೆಲ್‌ನಲ್ಲಿ ಬಂತು. ಇತ್ತ ಕಂಪನಿಯನ್ನು ಬ್ಲೂಮ್ ಸಹೋದರರು ನಡೆಸುತ್ತಿದ್ದರು. ಗೈಗ್ಯಾಕ್ಸ್ ವಾಪಸ್ ಬಂದು ನೋಡಿದರೆ ಕಂಪನಿಯ ಮೇಲೆ ಸುಮಾರು 15 ಲಕ್ಷ ಡಾಲರ್ ಸಾಲ.

ಸಾಲ ತೀರಿಸಲು ಪುಸ್ತಕ ಬೇಕು, ಬೇಗ ಬೇಕು. ಪತ್ರಿಕೆಯಲ್ಲಿ ತಾವು ಬರೆದಿದ್ದ ಎರಡು ಹೊಸ ಯೋಧ ಕ್ಲಾಸ್‌ಗಳನ್ನು ಗೈಗ್ಯಾಕ್ಸ್ ಕೈಗೆತ್ತಿಕೊಂಡರು. 1982ರಲ್ಲಿ ಡ್ರ್ಯಾಗನ್ ಪತ್ರಿಕೆಯ 63ನೇ ಸಂಚಿಕೆಯಲ್ಲಿ ಬಂದ ಬಾರ್ಬೇರಿಯನ್, 1983ರಲ್ಲಿ 72ನೇ ಸಂಚಿಕೆಯಲ್ಲಿ ಬಂದ ಕ್ಯಾವಲಿಯರ್. ಎರಡೂ 1985ರ ಅನ್‌ಅರ್ತ್ಡ್ ಆರ್ಕೇನಾ ಪುಸ್ತಕಕ್ಕೆ ಸೇರಿದವು. ಪುಸ್ತಕ ಚೆನ್ನಾಗಿ ಮಾರಿ ಕಂಪನಿಗೆ ಉಸಿರು ಬಂತು. ಆದರೆ ಕ್ಲಾಸ್‌ಗಳು?

ಬಾರ್ಬೇರಿಯನ್ ನೋಡಿ. ಬಾಲ್ಯದಲ್ಲಿ ಓದಿದ ಕೋನನ್ ಪ್ರೀತಿ ಪುಟಪುಟದಲ್ಲೂ ಕಾಣುತ್ತೆ. ಹನ್ನೆರಡು ಮುಖದ ದಾಳದ ಜೀವ, ಚುರುಕಿನಿಂದ ಸಿಗುವ ರಕ್ಷಣೆ ಬೇರೆಯವರ ದುಪ್ಪಟ್ಟು, ಕಾಡಿನ ವಿದ್ಯೆಗಳೆಲ್ಲ ಕರಗತ. ಬೆಲೆ ಏನು? ಎರಡನೇ ಲೆವೆಲ್‌ಗೆ 6,000 ಎಕ್ಸ್‌ಪಿ, ಫೈಟರ್‌ನ ಮೂರು ಪಟ್ಟು. ಇಷ್ಟು ಸರಿ. ಆದರೆ ಅವನಿಗೆ ಮಾಯೆ ಅಂದರೆ ದ್ವೇಷ. ಮಾಯಾ ವಸ್ತು ಸಿಕ್ಕರೆ ಒಡೆದು ಹಾಕ್ತಾನೆ, ಒಡೆದದ್ದಕ್ಕೆ ಎಕ್ಸ್‌ಪಿ ಸಿಗುತ್ತೆ. ಕೆಳಗಿನ ಲೆವೆಲ್‌ಗಳಲ್ಲಿ ಮಾಂತ್ರಿಕರ ಜೊತೆ ಸೇರುವಂತೆಯೇ ಇಲ್ಲ. ಮೇಜಿನ ಸುತ್ತ ಕೂತ ಐವರಲ್ಲಿ ಒಬ್ಬ ಮಾಂತ್ರಿಕ ಇದ್ದೇ ಇರುತ್ತಾನಲ್ಲ, ಅವನೇನು ಮನೆಗೆ ಹೋಗಬೇಕಾ? ಕ್ಯಾವಲಿಯರ್ ಕಥೆಯೂ ಅಷ್ಟೇ. ಉತ್ತಮ ಕುಲದಲ್ಲಿ ಹುಟ್ಟಿರಬೇಕು, ಶತ್ರು ಕಂಡ ಕೂಡಲೇ ಮುನ್ನುಗ್ಗಲೇಬೇಕು. ಗೆಳೆಯರು ಹೊಂಚು ಹಾಕಿ ಕೂತಿದ್ದರೆ ಅವರ ಉಪಾಯ ಹಾಳು.

ರೇಂಜರ್ ತನ್ನ ಬಲದ ಬೆಲೆಯನ್ನು ತಾನೇ ಕಟ್ಟುತ್ತಿದ್ದ. ಬಾರ್ಬೇರಿಯನ್ ಮತ್ತು ಕ್ಯಾವಲಿಯರ್ ಅದನ್ನು ಪಕ್ಕದಲ್ಲಿ ಕೂತವರಿಂದ ಕಟ್ಟಿಸುತ್ತಾರೆ. ಹೊಸ ಕ್ಲಾಸ್ ಬರೆದಾಗ ಇವತ್ತಿಗೂ ಎಡವುವ ಜಾಗ ಇದು. ಕಾದಂಬರಿಯಲ್ಲಿ ಕೋನನ್ ಒಬ್ಬನೇ ನಾಯಕ, ಅವನ ಹಟ ಚೆಂದ. ಮೇಜಿನ ಮೇಲೆ ಐವರೂ ನಾಯಕರು.

ಅದೇ ಪುಸ್ತಕದಲ್ಲಿ ಫೈಟರ್‌ಗೆ ಇನ್ನೊಂದು ಸಣ್ಣ ನಿಯಮ ಇತ್ತು. ಒಂದು ಆಯುಧವನ್ನು ಆರಿಸಿಕೊಂಡು ಪಳಗಿದರೆ ತಾಗಿಸಲು 1, ಪೆಟ್ಟಿಗೆ 2 ಹೆಚ್ಚುವರಿ, ಜೊತೆಗೆ ಮೊದಲ ಲೆವೆಲ್‌ನಿಂದಲೇ ಎರಡು ಸುತ್ತಿಗೆ ಮೂರು ಹೊಡೆತ. ಇನ್ನೂ ಪಳಗಿದರೆ 3, 3. ಅಂಕಿ ಸ್ವಲ್ಪ ಜಾಸ್ತಿಯೇ ಆಯ್ತು, ಬಿಡಿ. ಆದರೆ 1989ರಲ್ಲಿ ಎರಡನೇ ಆವೃತ್ತಿಯ ಆಟಗಾರರ ಪುಸ್ತಕ ಬಂದಾಗ ಬಾರ್ಬೇರಿಯನ್ನೂ ಇರಲಿಲ್ಲ, ಕ್ಯಾವಲಿಯರ್ರೂ ಇರಲಿಲ್ಲ. ಉಳಿದದ್ದು ಈ ಆಯುಧ ಪಳಗುವಿಕೆ, ಅದೂ ಫೈಟರ್‌ಗೆ ಮಾತ್ರ. ಬಾರ್ಬೇರಿಯನ್ 2000ದಲ್ಲಿ ಮತ್ತೆ ಬಂದ, ಮಾಂತ್ರಿಕರ ಮೇಲಿನ ದ್ವೇಷ ಬಿಟ್ಟು ಬಂದ.

ಆ ಎರಡನೇ ಆವೃತ್ತಿ ಬರೆಯುವಾಗ ಗೈಗ್ಯಾಕ್ಸ್ ಕಂಪನಿಯಲ್ಲಿ ಇರಲೇ ಇಲ್ಲ. ಕಂಪನಿ ಉಳಿಸಲು ತಾವೇ ಕರೆತಂದಿದ್ದ ಲೊರೇನ್ ವಿಲಿಯಮ್ಸ್ 1985ರ ಅಕ್ಟೋಬರಿನಲ್ಲಿ ಬ್ಲೂಮ್ ಸಹೋದರರ ಷೇರುಗಳನ್ನು ಕೊಂಡು ಅಧಿಕಾರ ಹಿಡಿದರು. ಗೈಗ್ಯಾಕ್ಸ್ ಕೋರ್ಟಿಗೆ ಹೋಗಿ ಸೋತರು. 1986ರ ಕೊನೆಗೆ ಹೊರಬಂದರು. ಡಾನ್ ಕೇ ಷೇರು ಕೊಳ್ಳಲಾಗದೆ ಹೋದದ್ದರ ಲೆಕ್ಕ ಹೀಗೆ ಚುಕ್ತಾ ಆಯಿತು. ಬೇರೆಯವರು ನಿಯಮ ಬರೆಯಬಾರದು ಅಂದಿದ್ದವರು ಈಗ ತಾವೇ ಈ ಆಟಕ್ಕೆ ನಿಯಮ ಬರೆಯುವ ಹಕ್ಕು ಇಲ್ಲದವರಾದರು. 1992ರಲ್ಲಿ ಡೇಂಜರಸ್ ಜರ್ನೀಸ್ ಎಂಬ ಹೊಸ ಆಟ ತಂದಾಗ, ನಮ್ಮದನ್ನು ಹೋಲುತ್ತದೆ ಅಂತ ಅವರ ಮೇಲೆ ಕೇಸು ಹಾಕಿದ್ದೂ ಟಿಎಸ್‌ಆರ್ ಕಂಪನಿಯೇ.

1997ರಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಟಿಎಸ್‌ಆರ್ ಅನ್ನು ಕೊಂಡ ಮೇಲೆ ಹಳೇ ಮುನಿಸು ತಣ್ಣಗಾಯಿತು. 2000ದ ಮೂರನೇ ಆವೃತ್ತಿಯಲ್ಲಿ ಫೈಟರ್‌ಗೆ ಮೊದಲ ಲೆವೆಲ್‌ನಲ್ಲಿ ಒಂದು, ಆಮೇಲೆ ಪ್ರತಿ ಸಮಸಂಖ್ಯೆಯ ಲೆವೆಲ್‌ಗೆ ಒಂದೊಂದು, ಹೀಗೆ ಇಪ್ಪತ್ತರೊಳಗೆ 11 ಹೆಚ್ಚುವರಿ ಕೌಶಲ ಆರಿಸಿಕೊಳ್ಳುವ ಅವಕಾಶ ಸಿಕ್ಕಿತು. ಆಟಗಾರನೇ ತನ್ನ ಫೈಟರ್‌ನನ್ನು ಕಟ್ಟಿಕೊಳ್ಳಲಿ ಅನ್ನೋ 1974ರ ಮಾತು ಬೇರೆ ರೂಪದಲ್ಲಿ ವಾಪಸ್ ಬಂದಂತಾಯಿತು.

2004ರಲ್ಲಿ ಗೈಗ್ಯಾಕ್ಸ್‌ಗೆ ಎರಡು ಸಲ ಪಾರ್ಶ್ವವಾಯು ಹೊಡೆಯಿತು. ಬರವಣಿಗೆ ಕಡಿಮೆಯಾಯಿತು, ಆಟ ನಿಲ್ಲಲಿಲ್ಲ. ಲೇಕ್ ಜಿನೀವಾದ ಮನೆಯಲ್ಲಿ ವಾರಕ್ಕೊಮ್ಮೆ ಆಟಗಾರರು ಸೇರುತ್ತಿದ್ದರು. 2008ರ ಜನವರಿಯಲ್ಲೂ ಆಟ ನಡೆಸುತ್ತಿದ್ದರು. ಅದೇ ವರ್ಷ ಮಾರ್ಚ್ 4ರಂದು, 69ನೇ ವಯಸ್ಸಿನಲ್ಲಿ, ತೀರಿಕೊಂಡರು. ಮರುವರ್ಷ ಏಪ್ರಿಲ್‌ನಲ್ಲಿ ಆರ್ನೆಸನ್ ಕೂಡ ಹೋದರು.

1986ರ ಒಪ್ಪಂದದ ಒಂದು ವಿವರ ಹೇಳದೆ ಉಳಿದಿದೆ. ಗೈಗ್ಯಾಕ್ಸ್‌ಗೆ ಆಡಲು ಅತಿ ಪ್ರಿಯವಾಗಿದ್ದ ಪಾತ್ರ ಮಾರ್ಡೆನ್‌ಕೈನೆನ್ ಎಂಬ ಮಾಂತ್ರಿಕ. ಆ ಹೆಸರು ಕಂಪನಿಯ ಪಾಲಾಯಿತು, ಇವತ್ತಿಗೂ ಪುಸ್ತಕಗಳ ಮೇಲೆ ಅಚ್ಚಾಗುತ್ತಿದೆ. ತಮ್ಮ ಹೆಸರನ್ನೇ ಅದಲುಬದಲು ಮಾಡಿ ಇಟ್ಟಿದ್ದ ಪಾತ್ರಗಳನ್ನು ಇಟ್ಟುಕೊಳ್ಳಲು ಬಿಟ್ಟರು. ಅವುಗಳಲ್ಲಿ ಒಬ್ಬ, ಗ್ಯಾರಿ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ ಬರೆದ ಯ್ರ್ಯಾಗ್. ಅವನು ಫೈಟರ್.